ಯಾರೂ ಹಿಂದಿರುಗಿಸದ ಹತಾರ

ನಮ್ಮೂರು ಪೈನ್ ಕ್ರಾಸಿಂಗ್‌ನಲ್ಲಿ ಗಂಡಸಿನ ಯೋಗ್ಯತೆ ತಿಳಿಯಬೇಕಾದರೆ ಅವನ ಗರಾಜಿನ ಹಿಂಗೋಡೆ ನೋಡಬೇಕು. ಮಿನ್ನೆಸೋಟದ ಉತ್ತರ ತುದಿಯಲ್ಲಿರುವ ನಮಗೆ ವರ್ಷದಲ್ಲಿ ಅರ್ಧ ಹಿಮ, ಉಳಿದರ್ಧ ಸೊಳ್ಳೆ. ಎರಡರ ನಡುವೆ ಸಿಗುವ ಶನಿವಾರಗಳಲ್ಲಿ ಬೀದಿಯ ಗರಾಜುಗಳ ಬಾಗಿಲೆಲ್ಲ ಮೇಲೇಳುತ್ತವೆ. ಗಂಡಸರು ಕಾಫಿ ಲೋಟ ಹಿಡಿದು ಒಬ್ಬರ ಗರಾಜಿನಿಂದ ಇನ್ನೊಬ್ಬರ ಗರಾಜಿಗೆ ತೀರ್ಥಯಾತ್ರೆ ಹೊರಡುತ್ತಾರೆ. ಒಳಗೆ ಹೋಗಿ, ಗೋಡೆ ನೋಡಿ, "ಹ್ಞೂಂ" ಅನ್ನುತ್ತಾರೆ. ಆ ಹೂಂಕಾರವೇ ತೀರ್ಪು. ಗರಾಜನ್ನು ಕಾರಿಗೆಂದು ಕಟ್ಟಿದ್ದು ಅನ್ನುವುದು ಅವರಿಗೆ ಮರೆತೇ ಹೋಗಿದೆ. ಕಾರುಗಳು ಹೊರಗೆ ಹಿಮದಲ್ಲಿ ನಡುಗುತ್ತವೆ. ಬೆಳಿಗ್ಗೆ ಎದ್ದು ಅವುಗಳ ಗಾಜು ಕೆರೆಯುವವರು ಹೆಂಗಸರು. ನನ್ನ ಗಂಡ ತೀರಿಕೊಂಡ ಮೇಲೆ ನಾನು ಅವನ ಯಂತ್ರಗಳನ್ನೆಲ್ಲ ಮಾರಿ ಕಾರನ್ನು ಒಳಗೆ ತಂದು ನಿಲ್ಲಿಸಿದೆ. ನನ್ನ ಗರಾಜಿನ ಮುಂದೆ ಹಾದುಹೋಗುವ ಗಂಡಸರು ಇವತ್ತಿಗೂ ಟೋಪಿ ತೆಗೆಯುತ್ತಾರೆ. ಅದು ಹೋದ ಯಂತ್ರಗಳಿಗೆ ಸಲ್ಲುವ ಗೌರವ.

ನನ್ನ ಮನೆಯ ಎದುರಿಗೇ ಡೆಲ್ಮರ್ ಟ್ವೈಟ್‌ನ ಮನೆ. ಶಾಲೆಯ ಬಸ್ಸು ಓಡಿಸುವವನು. ಮನುಷ್ಯ ಅಪ್ಪಟ ಚಿನ್ನ, ಆದರೆ ತಲೆಯಲ್ಲಿದ್ದದ್ದು ಕೈಗೆ ಇಳಿಯುವುದಿಲ್ಲ. ಅವನು ಮಾಡಿದ ಹಕ್ಕಿಗೂಡಿಗೆ ತೂತು ಇಡುವುದೇ ಮರೆತುಹೋಗಿ, ಅದನ್ನು ಅವನ ಹೆಂಡತಿ ಆರ್ಲಿಸ್ ಅಡುಗೆಮನೆಯ ಬಾಗಿಲಿಗೆ ಅಡ್ಡ ಇಟ್ಟುಕೊಂಡಿದ್ದಾಳೆ. ಒಮ್ಮೆ ಮುರಿದ ಹಾಕಿ ಕೋಲು, ಸೈಕಲ್ ಟ್ಯೂಬು ಸೇರಿಸಿ ಹಲಗೆಗಳನ್ನು ಬಿಗಿಹಿಡಿಯುವ ಇಕ್ಕಳವೊಂದನ್ನು ತಾನೇ ತಯಾರಿಸಿದ. ಅದರೊಳಗೆ ಸಿಕ್ಕಿಕೊಂಡ ಅವನ ಹೆಬ್ಬೆರಳನ್ನು ಬಿಡಿಸಲು ಅಗ್ನಿಶಾಮಕ ದಳ ಬರಬೇಕಾಯಿತು. "ಬಿಗಿ ಮಾತ್ರ ಚೆನ್ನಾಗಿದೆ ಅಂತ ಅವರೂ ಒಪ್ಕೊಂಡ್ರು" ಎಂದು ಅವನು ಈಗಲೂ ಹೆಮ್ಮೆಯಿಂದ ಹೇಳುತ್ತಾನೆ.

ಇಂಥ ಡೆಲ್ಮರ್ ಒಂದು ಶನಿವಾರ ವರ್ನನ್ ಸ್ಕೋಗೆನ್ನನ ಗರಾಜಿಗೆ ಹೋದ. ವರ್ನನ್ ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತನಾದವನು. ಬೀದಿಯ ಹೂಂಕಾರಗಳಲ್ಲೆಲ್ಲ ಅವನದೇ ಕೊನೆಯದು. ಹತಾರ ನೇತುಹಾಕಲೆಂದು ಅವನ ಗೋಡೆಗೆ ಬಡಿದ ತೂತಿನ ಹಲಗೆಯ ಮೇಲೆ ಪ್ರತಿ ಹತಾರದ ಹಿಂದೆಯೂ ಅದರದೇ ಆಕಾರ ಕಪ್ಪು ಬಣ್ಣದಲ್ಲಿ ಬರೆದಿತ್ತು. ಸುತ್ತಿಗೆ ತೆಗೆದರೆ ಸುತ್ತಿಗೆಯ ನೆರಳು ಉಳಿಯುತ್ತದೆ, ವಾಪಸು ಎಲ್ಲಿ ಇಡಬೇಕೆಂದು ತಿಳಿಯುತ್ತದೆ. ಡೆಲ್ಮರ್‌ಗೆ ಅದು ತಲೆಗೆ ಹತ್ತಿಬಿಟ್ಟಿತು. ಮನೆಗೆ ಬಂದವನೇ ಹಲಗೆ ಹೊಡೆದು, ಕುಂಚ ಹಿಡಿದು ಶುರು ಹಚ್ಚಿಕೊಂಡ.

ಅವನಲ್ಲಿದ್ದದ್ದು ಒಂದು ಸುತ್ತಿಗೆ, ಒಂದು ಗರಗಸ, ಒಂದು ತಿರುಪುಳಿ, ಆ ಕುಖ್ಯಾತ ಇಕ್ಕಳ. ಲೋಟದ ಕಾಫಿ ಆರುವ ಮೊದಲೇ ನೆರಳುಗಳೆಲ್ಲ ಮುಗಿದವು. ಗೋಡೆ ಮುಕ್ಕಾಲು ಬೋಳಾಗಿ ಇವನನ್ನೇ ನೋಡುತ್ತಿತ್ತು. ಕೈಯಲ್ಲಿ ಬಣ್ಣ ಇನ್ನೂ ಬೇಕಾದಷ್ಟಿತ್ತು. ಆಗ ಅವನು ಅಂಗಡಿಯ ಬಣ್ಣಬಣ್ಣದ ಪುಸ್ತಕ ತಂದು, ಮುಂದೆ ಎಂದಾದರೂ ಕೊಳ್ಳಬಹುದಾದ ಹತಾರಗಳ ನೆರಳುಗಳನ್ನು ಈಗಲೇ ಬರೆದಿಟ್ಟ. ಕೀಸುಳಿ, ಬೈರಿಗೆ, ಉಳಿಗಳ ಸಂಸಾರ, ಆನೆಯ ಸೊಂಡಿಲಿನಂಥ ಪಾನಾ. ಮದುವೆಗೆ ಮುಂಚೆ ತೊಟ್ಟಿಲು ಕಟ್ಟುವವರು ಇದ್ದಾರಲ್ಲ, ಹಾಗೆ.

ಮೂಲೆಯಲ್ಲಿ ಒಂದು ಕಡೆ ಬಣ್ಣ ಸೋರಿ ಇಳಿಯಿತು. ಒರೆಸಲು ಹೋದ, ಅಗಲವಾಯಿತು. ಅಗಲವಾದದ್ದಕ್ಕೆ ಒಂದು ಹಿಡಿ ಬರೆದ. ಹಿಡಿ ಉದ್ದವಾಯಿತೆಂದು ತುದಿಗೊಂದು ಕೊಕ್ಕೆ ಎಳೆದ. ಆರ್ಲಿಸ್ ಬಂದು ನೋಡಿದಳು.

"ಇದೇನಿದು? ಬಾತುಕೋಳಿ ನಿನ್ನ ಬಸ್ಸಿಗೆ ಸಿಕ್ಕಿದ ಹಾಗಿದೆ."

"ಹತಾರ ಕಣೇ ಅದು."

"ಯಾವುದಕ್ಕೆ?"

"ಅದಿನ್ನೂ ಯೋಚನೆ ಮಾಡಿಲ್ಲ."

ಮುಂದಿನ ಶನಿವಾರ ಬಾಗಿಲು ಮೇಲೇರಿತು. ಮೊದಲು ಬಂದವನು ಆರ್ಲಿಸಳ ತಮ್ಮ ಲೋವೆಲ್, ಊರಿನ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಗಲ್ಲೆಯ ಹಿಂದೆ ನಿಲ್ಲುವವನು. ಊರಿನ ಸುದ್ದಿಯೆಲ್ಲ ಆ ಗಲ್ಲೆಯ ಮೇಲೇ ತೂಕವಾಗಿ ಹೋಗುತ್ತದೆ. ಅವನ ಹಿಂದೆಯೇ ವರ್ನನ್, ಕಾಫಿ ಲೋಟದ ಸಮೇತ.

"ಭಾವ! ಇಷ್ಟೊಂದು ಸಾಮಾನು ನಿನ್ನ ಹತ್ರ ಯಾವಾಗಿಂದ? ನೆರಳಷ್ಟೇ ಇದೆ, ಸಾಮಾನೆಲ್ಲಿ?" ಎಂದ ಲೋವೆಲ್.

ಡೆಲ್ಮರ್ ನಿಜ ಹೇಳಿಬಿಡಬಹುದಿತ್ತು. ಆದರೆ ವರ್ನನ್ ಲೋಟವನ್ನು ತುಟಿಯ ಹತ್ತಿರ ತಂದು ಹಾಗೇ ನಿಲ್ಲಿಸಿಕೊಂಡು ಕಾಯುತ್ತಿದ್ದ.

"ಕೊಟ್ಟಿದೀನಿ," ಎಂದ ಡೆಲ್ಮರ್.

"ಯಾರಿಗೆ?"

"ಅವರಿಗಿವರಿಗೆ. ಅಕ್ಕಪಕ್ಕದೋರು ಕೇಳಿದ್ರೆ ಇಲ್ಲ ಅನ್ನೋಕಾಗತ್ತಾ?"

ಹತಾರ ಇಟ್ಟುಕೊಂಡವನು ದೊಡ್ಡವನು, ನಿಜ. ಆದರೆ ಇದ್ದದ್ದನ್ನೆಲ್ಲ ಕೈಯೆತ್ತಿ ಕೊಟ್ಟು ಖಾಲಿ ಗೋಡೆ ನೋಡುತ್ತ ಕೂತವನ ಮುಂದೆ ಅವನು ಯಾವ ಲೆಕ್ಕ! ವರ್ನನ್ ಮೊದಲ ಬಾರಿಗೆ ಡೆಲ್ಮರ್‌ನನ್ನು ಮನುಷ್ಯರನ್ನು ನೋಡುವ ಹಾಗೆ ನೋಡಿದ. ಆಮೇಲೆ ಅವನ ಕಣ್ಣು ಮೂಲೆಯ ಬಾತುಕೋಳಿಯ ಮೇಲೆ ಬಿತ್ತು. ಬಹಳ ಹೊತ್ತು ಅಲ್ಲೇ ನಿಂತಿತು.

ನಮ್ಮೂರಿನ ಗಂಡಸರು ಬ್ಯಾಂಕು ದೋಚಿದೆ ಅಂತ ಬೇಕಾದರೂ ಒಪ್ಪಿಕೊಂಡಾರು, ಒಂದು ಹತಾರ ಯಾವುದೆಂದು ಗೊತ್ತಿಲ್ಲ ಅಂತ ಮಾತ್ರ ಒಪ್ಪಿಕೊಳ್ಳಲಾರರು.

"ಓ... ಅದಾ," ಎಂದ ವರ್ನನ್. "ನಮ್ಮಪ್ಪನ ಹತ್ರ ಇತ್ತು. ಈಗೆಲ್ಲಿ ಸಿಗತ್ತೆ ಅವೆಲ್ಲ."

ಲೋವೆಲ್ ಹಿಂದೆ ಬೀಳುವವನೇ? "ಸಿಗಲ್ಲ ಬಿಡಿ. ಅಂಗಡೀಲಿ ಜನ ಕೇಳ್ತಾನೇ ಇರ್ತಾರೆ. ಕಂಪನಿಯೋರು ಮಾಡೋದೇ ನಿಲ್ಲಿಸಿಬಿಟ್ರು. ಅದನ್ನೂ ಕೊಟ್ಟುಬಿಟ್ಯಾ ಭಾವ?"

"ಅದನ್ನೇ ಮೊದಲು ಕೊಟ್ಟಿದ್ದು," ಎಂದ ಡೆಲ್ಮರ್.

ಸೋಮವಾರದಿಂದ ಅಂಗಡಿಗೆ ಮೊಳೆ ಕೊಳ್ಳಲು ಬಂದವರಿಗೆಲ್ಲ ಲೋವೆಲ್ ಮೊಳೆಯ ಜೊತೆ ಸುದ್ದಿಯನ್ನೂ ಕಟ್ಟಿಕೊಟ್ಟ. ಪಾಪ, ನಮ್ಮ ಭಾವ, ಎಲ್ಲ ಕೊಟ್ಟು ಬರಿಗೈಯಾಗಿದಾನೆ, ತಗೊಂಡೋರು ವಾಪಸು ಕೊಡ್ತಿಲ್ಲ. ನಮ್ಮ ಕಡೆ ಕೊಟ್ಟದ್ದನ್ನು ಬಾಯಿಬಿಟ್ಟು ವಾಪಸು ಕೇಳುವ ಪದ್ಧತಿ ಇಲ್ಲ. ಹವಾಮಾನದ ಬಗ್ಗೆ ನಾಲ್ಕು ಮಾತಾಡಿ, "ಆ ಏಣಿ ನಿಂಗೆ ಉಪಯೋಗಕ್ಕೆ ಬರ್ತಿದೆ ತಾನೇ?" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಬರುತ್ತೇವೆ, ಅಷ್ಟೇ. ಹಾಗಾಗಿ ಬೀದಿಯ ಒಂದೊಂದು ಗರಾಜಿನಲ್ಲೂ ಯಾರದೆಂದು ಮರೆತುಹೋದ ಹತಾರವೊಂದು ಅನಾಥವಾಗಿ ಬಿದ್ದಿರುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಊರಿನ ಗಂಡಸರೆಲ್ಲ ತಮ್ಮ ತಮ್ಮ ಮೂಲೆಗಳನ್ನು ಮುಟ್ಟಿ ನೋಡಿಕೊಂಡರು.

ಹತಾರಗಳು ಬರತೊಡಗಿದವು. ಒಂದೊಂದರ ಜೊತೆ ತಪ್ಪೊಪ್ಪಿಗೆಯ ಸಿಹಿ, ಹೆಚ್ಚಾಗಿ ಹಿತ್ತಲಲ್ಲಿ ಬೆಳೆಯುವ ಹುಳಿ ದಂಟು ರೂಬಾರ್ಬಿನದು. ಮೂಲೆಮನೆಯವನು ಒಂದು ಕೊಡಲಿ ತಂದ.

"ಇದು ನಂದಲ್ಲ ಮಾರಾಯ," ಎಂದ ಡೆಲ್ಮರ್.

"ಇನ್ನೂ ನಾಚಿಸಬೇಡ ಡೆಲ್ಮರ್. ತಪ್ಪು ನಂದೇ. ಬಹಳ ದಿನ ಇಟ್ಕೊಂಡುಬಿಟ್ಟೆ." ಅವನು ಕೊಡಲಿಯನ್ನು ಉಳಿಗಳ ನೆರಳಿನ ಮೇಲೆ ಒತ್ತಿ ನೇತುಹಾಕಿ, ತಲೆ ವಾಲಿಸಿ ನೋಡಿದ. "ನೋಡು, ಹೇಗೆ ಅಚ್ಚಿಗೆ ಕೂತ ಹಾಗೆ ಕೂತ್ಕೊಳ್ತು!"

ಹೀಗೆ ಗೋಡೆ ತುಂಬಿತು. ಇನ್ನೊಂದು ಶನಿವಾರ ವರ್ನನ್ ಬಂದ. ಕೀಸುಳಿಯ ನೆರಳಿನ ಮೇಲೆ ಅವನದೇ ಕೀಸುಳಿ ತೂಗುತ್ತಿತ್ತು. ಯಾವ ಕಾಲದಲ್ಲೋ ಯಾರಿಗೋ ಕೊಟ್ಟದ್ದು. ಹಿಡಿಯ ಮೇಲೆ ಅವನ ಹೆಸರಿನ ಮೊದಲಕ್ಷರಗಳನ್ನು ಅವನೇ ಕೆತ್ತಿದ್ದ.

"ಒಳ್ಳೇ ಕೀಸುಳಿ," ಎಂದ ವರ್ನನ್.

"ಹೌದು."

"ನನ್ನ ಹತ್ರ ಇಂಥದ್ದೇ ಒಂದಿತ್ತು."

"ಹೌದಾ?"

"ಇತ್ತು." ಒಂದು ಗುಟುಕು ಕಾಫಿ. "ಹಿಮ ಬೀಳೋ ಹಾಗಿದೆ."

"ಹಾಗೇ ಕಾಣತ್ತೆ."

ನಮ್ಮ ಕಡೆ ಇದಕ್ಕೆ ಘೋರ ಜಗಳ ಅನ್ನುತ್ತಾರೆ. ಡೆಲ್ಮರ್ ಆ ದಿನ ಊಟ ಮಾಡಲಿಲ್ಲ ಎಂದು ಆರ್ಲಿಸ್ ನನ್ನ ಬಳಿ ಹೇಳಿದಳು. ಮಾಂಸ, ಆಲೂಗಡ್ಡೆ ಹಾಕಿ ಬೇಯಿಸಿದ ತಟ್ಟೆಯನ್ನು ಮುಟ್ಟದೆ ಮೇಲೆದ್ದನಂತೆ. ಅವನು ಹಾಗೆ ಎದ್ದದ್ದನ್ನು ಅವಳು ಮದುವೆಯಾದಂದಿನಿಂದ ಕಂಡಿರಲಿಲ್ಲ.

ಈಗ ಗೋಡೆಯ ಮೇಲೆ ಖಾಲಿ ಉಳಿದದ್ದು ಒಂದೇ ನೆರಳು, ಬಾತುಕೋಳಿಯದು. ಊರಿನವರ ಲೆಕ್ಕಾಚಾರ ಸರಳವಾಗಿತ್ತು. ಎಲ್ಲರೂ ತಂದುಕೊಟ್ಟಿದ್ದಾರೆ, ಒಬ್ಬನು ಮಾತ್ರ ಏನೂ ತಂದುಕೊಟ್ಟಿಲ್ಲ. ಅಂದಮೇಲೆ ಅದು ಅವನ ಹತ್ತಿರವೇ ಇದೆ. ಆ ಒಬ್ಬ ಡೆಲ್ಮರ್‌ನ ಬಲಮನೆಯ ಆರ್ವೊ ಕಂಗಸ್.

ಆರ್ವೊ ಫಿನ್‌ಲೆಂಡಿನಿಂದ ಬಂದವರ ಮೊಮ್ಮಗ. ಹುಟ್ಟಿದಾಗಿನಿಂದ ಯಾರ ಹತ್ತಿರವೂ ಒಂದು ಮೊಟ್ಟೆಯನ್ನೂ ಎರವಲು ಕೇಳಿದವನಲ್ಲ. ಬೇಕಾದದ್ದನ್ನು ತಾನೇ ಮಾಡಿಕೊಳ್ಳುತ್ತಾನೆ, ಚಾಕು, ಹಿಮಜಾರು ಹಲಗೆ, ಕಡೆಗೆ ಬೂಟಿನ ಮೊಳೆಯೂ ಅವನದೇ. ಎರವಲು ತಾರದವನು ವಾಪಸು ಕೊಡುವುದೇನನ್ನು? ಆದರೆ ಇದು ಯಾರಿಗೂ ಹೊಳೆಯಲಿಲ್ಲ. ಮೇಲಾಗಿ ಬೀದಿಯಲ್ಲಿ ಸದಾ ಮುಚ್ಚಿರುವ ಗರಾಜು ಅವನದೊಂದೇ. ಒಳಗೆ ಅರ್ಧಭಾಗದಲ್ಲಿ ಕುಲುಮೆ, ಇನ್ನರ್ಧದಲ್ಲಿ ಬೆವರು ಸ್ನಾನದ ಬಿಸಿ ಕೋಣೆ ಕಟ್ಟಿಕೊಂಡಿದ್ದ. ಬಾಗಿಲು ತೆಗೆದರೆ ಶಾಖ ಹೋಗುತ್ತದೆ, ಆರ್ವೊನ ಮಾನವೂ ಹೋಗುತ್ತದೆ. ಕೊಳವೆಯಿಂದ ಹೊಗೆ ಏಳುವುದನ್ನು ನೋಡಿ ಲೋವೆಲ್ ಗಲ್ಲೆಯ ಮೇಲೆ ಬಾಗಿ ಪಿಸುಗುಟ್ಟಿದ: "ಸಾಕ್ಷಿ ಕರಗಿಸ್ತಿದಾನೆ."

ದಾರಿಯಲ್ಲಿ ಎದುರಾದರೆ ಕಾರಿನ ಸ್ಟೀರಿಂಗಿನಿಂದ ಎರಡು ಬೆರಳೆತ್ತುವುದು ನಮ್ಮೂರಿನ ನಮಸ್ಕಾರ. ಆರ್ವೊನಿಗೆ ಆ ಬೆರಳುಗಳು ನಿಂತುಹೋದವು. ಭಾನುವಾರ ಚರ್ಚಿನ ನೆಲಮಾಳಿಗೆಯ ಕಾಫಿಯಲ್ಲಿ ಅವನ ಪಕ್ಕದ ಕುರ್ಚಿ ಖಾಲಿ. ನಾನು ಮಾತ್ರ ದಾರಿಯಲ್ಲಿ ಕೈ ಪೂರ್ತಿ ಎತ್ತಿ ಬೀಸಿದೆ. ಅಷ್ಟು ಬೀಸಿದ್ದನ್ನು ಕಂಡು ಅವನಿಗೆ ಇನ್ನಷ್ಟು ಗಾಬರಿಯಾಯಿತು.

ಒಂದು ದಿನ ಅವನ ಅಂಗಳದಲ್ಲಿ 'ಮಾರಾಟಕ್ಕಿದೆ' ಎನ್ನುವ ಹಲಗೆ ನಿಂತಿತು. ಡೆಲ್ಮರ್ ಶಾಲೆಯ ಮಕ್ಕಳು ತುಂಬಿದ ಬಸ್ಸನ್ನು ಅಲ್ಲೇ ನಿಲ್ಲಿಸಿ ಇಳಿದ. ಪ್ರತಿ ಚಳಿಗಾಲ ಅವರಿಬ್ಬರೂ ಹೆಪ್ಪುಗಟ್ಟಿದ ಕೆರೆಯ ಮೇಲೆ ಒಂದೇ ಗುಡಿಸಲಿನಲ್ಲಿ ಕೂತು, ಹಿಮಗಡ್ಡೆ ಕೊರೆದು ಗಾಳ ಇಳಿಬಿಟ್ಟು, ದಿನವಿಡೀ ಒಂದು ಮಾತೂ ಆಡದೆ ಎದ್ದು ಬರುತ್ತಾರೆ. ಅದಕ್ಕಿಂತ ಗಾಢ ಸ್ನೇಹ ನಮ್ಮೂರಿನಲ್ಲಿ ಇನ್ನೊಂದಿಲ್ಲ.

"ಎಲ್ಲಿಗೆ ಹೊರಟೆಯೋ?"

"ಡುಲೂತ್‌ಗೆ. ಅಕ್ಕನ ಮನೆಗೆ."

"ಯಾಕೋ?"

"ನಾನೇನೋ ಕದ್ದಿದೀನಂತೆ. ಏನು ಅಂತ ಗೊತ್ತಿದ್ದಿದ್ರೆ ವಾಪಸ್ಸಾದ್ರೂ ಕೊಡ್ತಿದ್ದೆ."

ಆರ್ವೊನ ಮಟ್ಟಿಗೆ ಇದು ಒಂದು ವರ್ಷಕ್ಕಾಗುವಷ್ಟು ಭಾಷಣ. ಬಸ್ಸಿನೊಳಗೆ ಮಕ್ಕಳು ಹಾರನ್ನು ಹೊಡೆಯುತ್ತಿದ್ದರು.

ಅಷ್ಟರಲ್ಲಿ ಲೋವೆಲ್ ಕುಟುಂಬದ ಮಾನ ಕಾಪಾಡಲು ಪೊಲೀಸರಿಗೆ ಫೋನು ಮಾಡಿದ್ದ. ಮಾರ್ಸೆಲ್ಲಾ ಎಂಬ ಅಧಿಕಾರಿಣಿ ಬಂದಳು. ಬೀದಿಯೆಲ್ಲ ಡೆಲ್ಮರ್‌ನ ಗರಾಜಿನಲ್ಲಿ ನೆರೆಯಿತು. ನಾನೂ ಇದ್ದೆ, ಬಿಡುತ್ತೇನೆಯೇ?

"ಏನು ಕಳುವಾಗಿದೆ?" ಎಂದಳು. ಎಲ್ಲರೂ ಬಾತುಕೋಳಿಯ ಕಡೆ ಬೆರಳು ತೋರಿಸಿದರು.

"ಏನದರ ಹೆಸರು?"

ಗಂಡಸರು ತಮ್ಮ ತಮ್ಮ ಬೂಟುಗಳನ್ನು ಪರೀಕ್ಷಿಸಿದರು. ಕೊನೆಗೆ ವರ್ನನ್ ಗಂಟಲು ಸರಿಮಾಡಿಕೊಂಡ. "ಒಂದೊಂದು ಕಡೆ ಒಂದೊಂದು ಹೆಸರು."

"ನಿಮ್ಮ ಕಡೆ ಏನಂತೀರಿ?"

"ನಮ್ಮನೇಲಿ ಅದನ್ನ ಹೆಸರು ಹಿಡಿದು ಕರೀತಿರ್ಲಿಲ್ಲ."

"ಹೋಗ್ಲಿ, ಯಾವ ಕೆಲಸಕ್ಕೆ ಅದು?"

"ಮೇಡಂ," ಎಂದ ಲೋವೆಲ್, "ಗೊತ್ತಿದ್ದೋರಿಗೆ ಹೇಳ್ಬೇಕಾಗಿಲ್ಲ. ಗೊತ್ತಿಲ್ದೋರಿಗೆ ಹೇಳಿದ್ರೆ ತಿಳಿಯಲ್ಲ."

ಮಾರ್ಸೆಲ್ಲಾ ಮತ್ತೊಮ್ಮೆ ನೆರಳನ್ನು ನೋಡಿದಳು. ಅವಳಿಗೂ ಗರಾಜಿನಲ್ಲೇ ಬದುಕು ಕಳೆದ ತಂದೆಯೊಬ್ಬ ಇದ್ದಿರಬೇಕು. "ಹೌದೌದು, ಅದೇ ತಾನೇ," ಎಂದುಬಿಟ್ಟಳು.

ಇನ್ನು ತಡೆಯಲಾಗಲಿಲ್ಲ ಡೆಲ್ಮರ್‌ಗೆ. ಮುಂದೆ ಬಂದು ಗಟ್ಟಿಯಾಗಿ ಹೇಳಿದ: "ಕೇಳ್ರಪ್ಪಾ! ಅಂಥ ಹತಾರ ಲೋಕದಲ್ಲೇ ಇಲ್ಲ. ಬಣ್ಣ ಸೋರ್ತು, ನಾನು ಬಾಲ ಎಳೆದೆ. ಆ ನಾಲ್ಕು ಬಿಟ್ರೆ ಈ ಗೋಡೆ ಮೇಲಿರೋದು ಒಂದೂ ನಂದಲ್ಲ. ನಾನು ಯಾರಿಗೂ ಏನೂ ಕೊಟ್ಟಿಲ್ಲ. ಆರ್ವೊ ಏನೂ ತಗೊಂಡಿಲ್ಲ!"

ಅವನ ಮಾತು ನಿಜವಾದರೆ ವರ್ನನ್‌ನ ಅಪ್ಪ, ಲೋವೆಲ್‌ನ ಕಂಪನಿ, ಎಲ್ಲವೂ ಸುಳ್ಳಾಗಬೇಕು. ಅಷ್ಟು ದೊಡ್ಡ ನಷ್ಟವನ್ನು ಯಾವ ಊರು ತಾನೇ ಸಹಿಸೀತು? ವರ್ನನ್ ನಿಧಾನವಾಗಿ ಟೋಪಿ ತೆಗೆದ.

"ನೋಡಿದ್ರಾ?" ಎಂದ. "ಸ್ನೇಹಿತನ್ನ ಉಳಿಸೋಕೆ ತನ್ನ ಮಾನವನ್ನೇ ಒತ್ತೆ ಇಡ್ತಿದಾನೆ."

ಲೋವೆಲ್ ಬಿಕ್ಕಿಬಿಕ್ಕಿ ಅತ್ತ. ಮಾರ್ಸೆಲ್ಲಾ ಡೆಲ್ಮರ್‌ನ ಕೈ ಕುಲುಕಿ, "ನಿಮ್ಮಂಥ ನೆರೆಯೋರು ಪುಣ್ಯ ಮಾಡಿದೋರಿಗೆ ಸಿಗ್ತಾರೆ" ಎಂದು ಹೊರಟುಹೋದಳು. ಹೊರಗೆ ಹೋಗುವಾಗ ಮೂಲೆಮನೆಯವನು ಆರ್ವೊನ ಮನೆಯ ಕಡೆ ತಿರುಗಿ ಹಲ್ಲು ಕಡಿದ. "ಇಂಥ ದೇವರಂಥವನ ಸಾಮಾನು ಹೊಡೆದನಲ್ಲ, ಎಂಥ ಎದೆ ಇರ್ಬೇಕು!"

ಡೆಲ್ಮರ್ ನೇರವಾಗಿ ಆರ್ವೊನ ಗರಾಜಿನ ಬಾಗಿಲು ತಟ್ಟಿದ. ಮುಂದಿನದನ್ನು ಆರ್ಲಿಸ್ ನನಗೆ ಆಣೆ ಹಾಕಿಸಿ ಹೇಳಿದ್ದಾಳೆ. ಅದಕ್ಕೇ ಇಷ್ಟು ದಿನ ತಡೆದು ಈಗ ಹೇಳುತ್ತಿದ್ದೇನೆ. ಆರ್ವೊ ಸೊಂಟಕ್ಕೆ ಟವೆಲು ಸುತ್ತಿಕೊಂಡು ಬಿಸಿ ಕೋಣೆಯಲ್ಲಿ ಕೂತಿದ್ದ. ಡೆಲ್ಮರ್ ಚಳಿಯಂಗಿಯಲ್ಲೇ ಪಕ್ಕದಲ್ಲಿ ಕೂತು, ಬೆವರುತ್ತ, ಎಲ್ಲವನ್ನೂ ಹೇಳಿದ. ಆರ್ವೊ ಬಿಸಿ ಕಲ್ಲಿನ ಮೇಲೆ ನೀರು ಚೆಲ್ಲಿದ. ಆವಿ ಎದ್ದು ಒಬ್ಬರ ಮುಖ ಒಬ್ಬರಿಗೆ ಕಾಣದಾಯಿತು.

"ಚಿತ್ರ ಬರಿ," ಎಂದ ಆರ್ವೊ ಆವಿಯೊಳಗಿನಿಂದ.

ರಸ್ತೆಯ ಹಿಮ ಸರಿಸುವ ಹಳೆಯ ಲಾರಿಯೊಂದರ ಉಕ್ಕಿನ ಪಟ್ಟಿ ಕುಲುಮೆಗೆ ಬಿತ್ತು. ಆರ್ವೊ ಬಡಿದ, ಡೆಲ್ಮರ್ ಹಿಡಿದುಕೊಂಡ. ಅವನು ಬಿಸಿ ತುದಿಯನ್ನು ಹಿಡಿದದ್ದು ಒಂದೇ ಸಲ. ಬರ್ಚ್ ಮರದ ಹಿಡಿ ಕೂತಿತು. ಎರಡೂ ಕೈಯಲ್ಲಿ ಎತ್ತಬೇಕಾದ ಬಾತುಕೋಳಿ ತಯಾರಾಯಿತು.

"ಇದನ್ನ ನಾನು ತಂದುಕೊಟ್ರೆ ಕಳ್ಳ ವಾಪಸ್ ಕೊಟ್ಟ ಅಂತಾರೆ," ಎಂದ ಆರ್ವೊ. "ಕ್ಷಮಿಸಿಬಿಡ್ತಾರೆ. ಸಿಹಿ ಬೇರೆ ತಂದುಕೊಡ್ತಾರೆ. ಅವರ ಕ್ಷಮೆ ನಂಗೆ ಬೇಡ."

ಡೆಲ್ಮರ್ ಸುಟ್ಟ ಕೈಯನ್ನು ಊದಿಕೊಳ್ಳುತ್ತ ಯೋಚಿಸಿದ. "ಹಾಗಾದ್ರೆ ನಮ್ಮನೇಲೇ ಸಿಗ್ಲಿ."

"ಊರೆಲ್ಲ ನಿನ್ನ ಮುಖಕ್ಕೆ ನಗತ್ತೆ."

"ನಗ್ಲಿ ಬಿಡೋ."

ಶನಿವಾರ ಬಾಗಿಲು ಮೇಲೇರಿತು. ಜನ ಸೇರಿದ ಮೇಲೆ ಡೆಲ್ಮರ್, ಜಿಂಕೆ ಮಾಂಸ ತುಂಬಿದ್ದ ದೊಡ್ಡ ಫ್ರೀಜರನ್ನು ಸ್ವಲ್ಪ ಸರಿಸಲು ಕೈ ಕೊಡಿ ಎಂದ. ವರ್ನನ್, ಲೋವೆಲ್ ಹೆಗಲು ಕೊಟ್ಟರು. ಹಿಂದಿನಿಂದ ಠಣ್ಣೆಂದು ಬಾತುಕೋಳಿ ಉರುಳಿ ವರ್ನನ್‌ನ ಕಾಲ ಬಳಿ ಬಿತ್ತು.

"ಭಾವ," ಎಂದ ಲೋವೆಲ್, ಬಿಳಿಚಿಕೊಂಡು, "ಇದು ನಿನ್ನ ಫ್ರೀಜರ್ ಹಿಂದೇನೇ ಇತ್ತಲ್ಲ!"

"ಹೌದು ಕಣೋ. ನಾನೇ ಇಟ್ಟು ಮರೆತಿದ್ದೆ."

ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಗರಾಜಿನ ತಗಡೆಲ್ಲ ಅದುರಿತು. ನಗು ಮುಗಿದ ಮೇಲೆ ಬೈಗುಳ ಶುರುವಾಯಿತು.

"ನಿನ್ನ ಮರೆವಿಗೆ ಮರ್ಯಾದಸ್ಥನೊಬ್ಬನ್ನ ಕಳ್ಳ ಮಾಡಿದೆಯಲ್ಲೋ!" ಎಂದ ಮೂಲೆಮನೆಯವನು, ತಾನು ಹಲ್ಲು ಕಡಿದದ್ದನ್ನೆಲ್ಲ ಮರೆತು. "ಇವನ ಹತ್ರ ಇರೋದು ಯಾವುದು ಇವನದ್ದು, ಯಾವುದು ಅಲ್ಲ ಅಂತ ಇವನಿಗೇ ಗೊತ್ತಿಲ್ಲ!" ಎಂದು ಕೊಡಲಿಯನ್ನು ಕಿತ್ತುಕೊಂಡ. ವರ್ನನ್ ತನ್ನ ಕೀಸುಳಿಯನ್ನು ಇಳಿಸಿ ಕಂಕುಳಲ್ಲಿ ಇಟ್ಟುಕೊಂಡ. ನೋಡನೋಡುತ್ತ ಗೋಡೆ ಬರಿದಾಯಿತು. ಸುತ್ತಿಗೆ, ಗರಗಸ, ತಿರುಪುಳಿ, ಹೆಬ್ಬೆರಳಿನ ಇಕ್ಕಳ, ಇಷ್ಟೇ ಉಳಿದವು. ಹೋಗುವ ಮೊದಲು ವರ್ನನ್ ಬಗ್ಗಿ ಬಾತುಕೋಳಿಯನ್ನು ಎತ್ತಿ, ತೂಗಿ, ತಿರುಗಿಸಿ ನೋಡಿದ.

"ಹ್ಞೂಂ," ಎಂದ. "ಹಿಡಿ ತಿರುಗಾಮುರುಗಾ ಹಾಕಿದೀಯ." ಅದನ್ನು ಅದರ ನೆರಳಿನ ಮೇಲೆ ತಗುಲಿಸಿದ.

ಡೆಲ್ಮರ್ ತಲೆ ತಗ್ಗಿಸಿ ನಿಂತಿದ್ದ. ಅವನನ್ನು ಹಾಗೆ ನೋಡಿ ನನಗೆ, ಹೇಳಿಬಿಡುತ್ತೇನೆ, ಅಳು ಬಂತು. ಆಗ ಬಾಗಿಲಿನಲ್ಲಿ ಆರ್ವೊ ಕಾಣಿಸಿಕೊಂಡ. ಜನ ಸರಿದು ದಾರಿ ಬಿಟ್ಟರು. ಅವನು ಯಾರ ಮುಖವನ್ನೂ ನೋಡದೆ ಒಳಗೆ ಬಂದು, ಗೋಡೆಯ ಮುಂದೆ ಕೈಕಟ್ಟಿ ನಿಂತ.

"ಡೆಲ್ಮರ್."

"ಏನೋ?"

"ಇದನ್ನ ಸ್ವಲ್ಪ ಎರವಲು ಕೊಡ್ತೀಯಾ?"

ಡೆಲ್ಮರ್ ಎರಡು ಕೈಯಲ್ಲೂ ಅದನ್ನು ಗೋಡೆಯಿಂದ ಇಳಿಸಿ ಆರ್ವೊನ ಕೈಗೆ ಕೊಟ್ಟ. ಅವನು ಯಾರಿಗಾದರೂ ನಿಜವಾಗಿ ಕೊಟ್ಟ ಮೊದಲ ಹತಾರ ಅದು.

"ನಿಧಾನಕ್ಕೆ ತಂದುಕೊಡೋ," ಎಂದ. "ಅವಸರ ಏನಿಲ್ಲ."

ಆರ್ವೊ ಅದನ್ನು ಹೆಗಲ ಮೇಲಿಟ್ಟುಕೊಂಡು ತನ್ನ ಅಂಗಳಕ್ಕೆ ನಡೆದ. ಊರಿಗೆ ಊರೇ ಹಿಂದೆ ಹೋಯಿತು. ನೆಲ ಆಗಲೇ ಹೆಪ್ಪುಗಟ್ಟಿ ಕಲ್ಲಾಗಿತ್ತು. 'ಮಾರಾಟಕ್ಕಿದೆ' ಹಲಗೆಯ ಬುಡಕ್ಕೆ ಅವನು ಕೊಕ್ಕೆ ಸಿಕ್ಕಿಸಿದ, ಹಿಡಿಯ ಮೇಲೆ ಮೈಭಾರ ಬಿಟ್ಟ. ಹಲಗೆ ಬೇರುಸಹಿತ ಎದ್ದು ಬಂದು ಹಿಮದ ಮೇಲೆ ಅಂಗಾತ ಬಿತ್ತು.

ವರ್ನನ್ ಲೋವೆಲ್‌ನ ಪಕ್ಕೆಗೆ ತಿವಿದ.

"ನೋಡಿದ್ಯಾ? ಅದಿರೋದೇ ಅದಕ್ಕೆ. ನಮ್ಮಪ್ಪನೂ ಹೀಗೇ ಕೀಳ್ತಿದ್ದ."